ಹುರಳಿಯ ಮೂರನೇ ಬ್ಯಾಚು

ಆಪಾ ಅವ್ರ ಎಡಗೈ ಬೆರಳ ತುದಿ ನೋಡಿದ್ರ ಯಾರೋ ಮೆಣಸಿನ ಪುಡಿ ಉದುರಿಸಿದಂಗ ಇತ್ತು. ಹೆಬ್ಬೆರಳು ಬಿಟ್ಟು ನಾಕೂ ಬೆರಳಿಗೆ ಸಣ್ಣ ಸಣ್ಣ ಕರೇ ಚುಕ್ಕಿ. ಕೌಲ್ ಬಜಾರ್‌ನ್ಯಾಗ ಅವ್ರ ತಮ್ಮ ಜೀನ್ಸ್ ಪ್ಯಾಂಟು ಹೊಲಿಯೋ ಕೆಲಸ ಇಟಗೊಂಡಿದ್ರು, ಅದಕ್ಕ ನಾನು ಮೊದಲು ಇವು ಹೊಲಿಗಿ ಸೂಜಿ ಚುಚ್ಚಿದ ಗುರ್ತು ಅಂತ ತಿಳಕೊಂಡಿದ್ದೆ. ಸೂಜಿನೇ ಖರೆ, ಹೊಲಿಯೋ ಸೂಜಿ ಅಲ್ಲ. ಅವ್ರದು ಎ ಗುಂಪಿನ ರಕ್ತ. ನಮ್ಮ ಕೆಲಸಕ್ಕ ದಿನಾ ಎರಡು ಹನಿ ತಾಜಾ ಎ ರಕ್ತ ಬೇಕಾಗಿತ್ತು. ಬ್ಯಾರೆಯವರನ್ನ ಯಾಕ ಚುಚ್ಚಬೇಕು ಅಂತ ತಮ್ಮ ಬೆರಳೇ ಚುಚ್ಚಿಕೊಳ್ತಿದ್ರು. ಒಂದು ವಾರ ತೋರುಬೆರಳು, ಮುಂದಿನ ವಾರ ನಡುಬೆರಳು.

"ಬೆರಳಿಗೂ ರಜಾ ಕೊಡಬೇಕಲ್ಲೋ" ಅಂತಿದ್ರು.

ಆಪಾ ಅಂದ್ರ ಅಕ್ಕ. ಕಾಲೇಜಿನ್ಯಾಗ ಅವ್ರು ಲೆಕ್ಚರರ್ ಇದ್ದಾಗ ನಾನು ಮೇಡಂ ಅಂತಿದ್ದೆ. ರಿಟೈರ್ ಆದ ದಿನ, "ಇನ್ನ ಮೇಡಂ ಸಾಕು, ನಮ್ಮ ಓಣ್ಯಾಗ ಕರೆಯೋ ಹಂಗ ಕರಿ" ಅಂದ್ರು. ನನ್ನನ್ನ ಅವ್ರು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಮ್ಮೂರು ಕರೂರು, ಸಿರುಗುಪ್ಪ ತಾಲೂಕು. "ಏ ಕರೂರು, ಇಲ್ಲಿ ಬಾ" ಅಂತಿದ್ರು, ಇಡೀ ಊರೇ ಎದ್ದು ಹೋಗಿ ಅವ್ರ ಮುಂದ ನಿಲ್ಲಬೇಕು ಅನ್ನೋ ಹಂಗ.

ನಾನು ನಾಕನೇ ಕ್ಲಾಸಿಗೆ ಸಾಲಿ ಬಿಟ್ಟವನು. ಗದ್ದಿ ಕೆಲಸ ಮಾಡಿದೆ, ಆಮ್ಯಾಲೆ ಸಿರುಗುಪ್ಪದ ರೈಸ್ ಮಿಲ್ಲಿನ್ಯಾಗ ಚೀಲ ಹೊತ್ತೆ. ಲಗ್ನ ಆಗಿ ಎರಡು ಮಕ್ಕಳಾದ ಮ್ಯಾಲೆ ಎಸ್ಸೆಸ್ಸೆಲ್ಸಿ ಕಟ್ಟಿ ಪಾಸಾದೆ. ಅದರ ಮ್ಯಾಲೆ ಬಳ್ಳಾರಿ ಕಾಲೇಜಿನ ಲ್ಯಾಬಿನ್ಯಾಗ ಅಟೆಂಡರ್ ಕೆಲಸ ಸಿಕ್ತು. ಗಾಜು ತೊಳಿಯೋದು, ಕಸ ಹೊಡಿಯೋದು. ಒಂದಿನ ಆಪಾ ನಾನು ತೊಳದ ಬಾಟ್ಲಿ ಬೆಳಕಿಗೆ ಹಿಡದು ನೋಡಿದ್ರು. "ಇಷ್ಟು ಚೊಲೊ ತೊಳಿಯೋ ಮನಷ್ಯಾಗ ಇದರಾಗ ಏನ್ ಹಾಕ್ತಾರ ಅಂತ ಗೊತ್ತಿರಬೇಕು" ಅಂದ್ರು. ಅವತ್ತಿನಿಂದ ಒಂದೊಂದೇ ಹೇಳಿಕೊಡಾಕ ಚಾಲೂ ಮಾಡಿದ್ರು. ಅವ್ರು ರಿಟೈರ್ ಆದ ಮ್ಯಾಲೆ ಪಾರ್ವತಿನಗರದಾಗ ಒಂದು ಮನ್ಯಾಗ ಎರಡು ಕ್ವಾಲಿ ಬಾಡಿಗಿ ಹಿಡದು ತಮ್ಮದೇ ಸಣ್ಣ ಲ್ಯಾಬ್ ಮಾಡಿದ್ರು. ನಾನೂ ಕಾಲೇಜು ಬಿಟ್ಟು ಅವ್ರ ಹಿಂದ ಹೋದೆ.

ಆವಾಗ ಬಳ್ಳಾರ್ಯಾಗ ಎಲ್ಲಾರ ಬಾಯಾಗೂ ಗಣಿ. ಕೆಂಪು ಧೂಳು ಕಿಡಕಿ ಸಂದಿಲೆ ಒಳಗ ಬರ್ತಿತ್ತು. ಒದ್ದಿ ಚಾದರ ಕಟ್ಟಿದ್ರ ಮಧ್ಯಾಹ್ನಕ್ಕ ಚಾದರ ಕೆಂಪಾಗತಿತ್ತು. ನಮ್ಮ ಭಾಮೈದ ಅದಿರಿನ ಟಿಪ್ಪರ್ ಹೊಡಿತಿದ್ದ. ಭೆಟ್ಟಿ ಆದಾಗೆಲ್ಲಾ ಅದೇ ಮಾತು.

"ಏನ್ ಭಾವಾ, ಹುರಳಿ ಕುದಿಸಿ ಎತ್ತಿಗೆ ಹಾಕೋದು ಬಿಟ್ಟು ಗಾಜಿನ ಕೊಳವಿಗೆ ಹಾಕಾಕತ್ತೀರಂತ?"

"ರಕ್ತ ಪರೀಕ್ಷೆ ಮಾಡೋ ಔಷಧ ಅದು."

"ಹುರಳ್ಯಾಗ? ಬಿಡ್ರಿ ಭಾವಾ. ಸ್ಟಾಕ್ ಯಾರ್ಡಿನ್ಯಾಗ ಓದಿದ ಮನಷ್ಯಾ ಬೇಕಾಗ್ಯಾನ. ನಾಳೆ ಅಂದ್ರ ನಾಳೆ, ಗಾಡಿ ಹತ್ತರಿ."

ನಾನು ನಗತಿದ್ದೆ. ಆದ್ರ ಸುಳ್ಳು ಯಾಕ ಹೇಳಲಿ, ಮನಸ್ಸು ಅತ್ತ ಕಡೆ ಒಂದು ಕಾಲು ಇಟ್ಟೇ ಇತ್ತು.

ಹುರಳಿ ಕುರುಗೋಡಿನಿಂದ ಬರ್ತಿತ್ತು. ಅಲ್ಲಿ ಗುಡ್ಡದ ಕೆಳಗ ಒಬ್ಬ ರೈತ ಬಿತ್ತತಿದ್ದ. ಆಪಾ ತಾವೇ ಬಸ್ ಹತ್ತಿ ಹೋಗಿ, ಬೊಗಸ್ಯಾಗ ಹಿಡದು, ಹುಳ ನೋಡಿ ತರ್ತಿದ್ರು. ಅದನ್ನ ಬೀಸಿ, ಉಪ್ಪುನೀರಾಗ ನೆನಿಸಿ, ಬಟ್ಟ್ಯಾಗ ಸೋಸಿ ತಿಳಿ ತೆಗಿಯೋದು. ಆ ತಿಳ್ಯಾಗ ನೂರೆಂಟು ಪ್ರೋಟೀನು ಇರ್ತಾವು. ನಮಗ ಬೇಕಾಗಿದ್ದು ಒಂದೇ. ಎ ಗುಂಪಿನ್ಯಾಗ ಎರಡು ಒಳಗುಂಪು ಅದಾವು. ಆ ಪ್ರೋಟೀನಿನ ಒಂದು ಹನಿ, ರಕ್ತದ ಒಂದು ಹನಿ ಬಿಳೇ ಹಲಗಿ ಮ್ಯಾಲೆ ಕೂಡಿಸಿದ್ರ, ಮೊದಲನೇ ಒಳಗುಂಪಿನ ರಕ್ತ ಆದ್ರ ಗಡ್ಡಿ ಕಟ್ಟತೈತಿ, ಎರಡನೇದು ಕಟ್ಟಂಗಿಲ್ಲ. ಆಪಾ ಅವ್ರದು ಮೊದಲನೇದು. ಈ ವ್ಯತ್ಯಾಸ ತೋರಿಸೋ ಸಣ್ಣ ಬಾಟ್ಲಿ ಹೊರಗಿನಿಂದ ತರಸಬೇಕಿತ್ತು. ಕುರುಗೋಡಿನ ಹುರಳಿಲೇ ಇಲ್ಲೇ ಮಾಡಿದ್ರ ಯಾಕ ಆಗಬಾರದು ಅನ್ನೋದು ಆಪಾ ಅವ್ರ ಹಟ.

ಒಂದು ಪ್ರೋಟೀನನ್ನ ಅಷ್ಟರಾಗ ಹೆಂಗ ಹಿಡಿಯೋದು? ಒಂದು ಗಾಜಿನ ಕೊಳವಿ, ಅದಕ್ಕ ಕಾಲಂ ಅಂತಾರ. ಒಳಗ ಸಾಬೂದಾನಿ ಹಂಗ ಬಿಳೇ ಸಣ್ಣ ಮಣಿ. ಆ ಮಣಿಗೆ ಒಂದು ಥರದ ಸಕ್ಕರಿ ಅಂಟಿಸಿರ್ತಾರ. ಚಾಕ್ಕ ಹಾಕೋ ಸಕ್ಕರಿ ಅಲ್ಲ, ಎ ರಕ್ತದ ಕಣದ ಮೈಮ್ಯಾಲೆ ಇರೋ ಅಂಥ ಸಕ್ಕರಿ. ಹುರಳಿ ತಿಳಿ ಮ್ಯಾಲಿನಿಂದ ಸುರುವಿದ್ರ ಉಳಿದದ್ದೆಲ್ಲಾ ಹರದು ಕೆಳಗ ಹೋಗತೈತಿ. ನಮ್ಮ ಪ್ರೋಟೀನು ಒಂದೇ ಆ ಸಕ್ಕರಿ ಹಿಡಕೊಂಡು ಮಣಿ ಮ್ಯಾಲೆ ಕುಂದರತೈತಿ.

"ಹಿಡಿಸೋದು ಯಾರಾದ್ರೂ ಹಿಡಿಸ್ತಾರ" ಅಂತಿದ್ರು ಆಪಾ. "ಅದನ್ನ ಹೆಂಗ ಬಿಡಿಸ್ತಿ ಹೇಳು. ಅಲ್ಲೈತಿ ಕೆಲಸ."

ಬಿಡಿಸಾಕ ಎರಡು ದಾರಿ. ಒಂದು, ಆಸಿಡ್ ನೀರು ಬಿಡೋದು. ಹುಳಿ ತಾಕಿದ ಕೂಡಲೇ ಪ್ರೋಟೀನು ಕೈ ಬಿಟ್ಟು ಕೆಳಗ ಬೀಳತೈತಿ. ಇನ್ನೊಂದು, ಅದು ಹಿಡಕೊಂಡ ಅಂಥದೇ ಸಕ್ಕರಿ ನೀರಾಗ ಕಲಿಸಿ ಬಿಡೋದು. ಪ್ರೋಟೀನು ಮಣಿ ಸಕ್ಕರಿ ಬಿಟ್ಟು ನೀರಿನ ಸಕ್ಕರಿ ಹಿಡಕೊಂಡು ಹೊರಗ ಬರತೈತಿ. ಒಮ್ಮೆ ಆಪಾ ನನಗ ತೋರಸಾಕ ಅಂತ ಎರಡು ಕೊಳವಿ ಜೋಡಿಸಿದ್ರು. ಒಂದಕ್ಕ ಆಸಿಡ್, ಒಂದಕ್ಕ ಸಕ್ಕರಿ. ಪ್ರೋಟೀನು ಅಳಿಯೋ ಮಶೀನಿನ್ಯಾಗ ಇಟ್ಟು ನೋಡಿದ್ರ ಆಸಿಡ್ಡಿನ ಕಡೆ ಪ್ರೋಟೀನು ಜಾಸ್ತಿ ಬಂದಿತ್ತು.

"ಆಪಾ, ಆಸಿಡ್ಡೇ ಚೊಲೊ ಅಲ್ಲೇನ್ರಿ? ಅರ್ಧ ತಾಸಿನ್ಯಾಗ ಮುಗೀತು, ಮಾಲೂ ಜಾಸ್ತಿ."

"ಹಲಗಿ ಮ್ಯಾಲೆ ಹಾಕು."

ಹಾಕಿದೆ. ಸಕ್ಕರಿಲೇ ಬಂದದ್ದನ್ನ ಅವ್ರು ಎರಡು ದಿನ ಫ್ರಿಜ್ಜಿನ್ಯಾಗ ಉಪ್ಪುನೀರಾಗ ಇಟ್ಟು ತಂದಿದ್ರು. ಅದು ಹತ್ತು ಎಣಸೋದ್ರಾಗ ಗಡ್ಡಿ ಕಟ್ಟಿತು, ನೆನೆದ ಅವಲಕ್ಕಿ ಹಂಗ. ಆಸಿಡ್ಡಿಂದು ಹಲಗಿ ಅಲ್ಲಾಡಿಸಿ ಅಲ್ಲಾಡಿಸಿ ಕೈ ಸೋತರೂ ಬರೇ ಕೆಂಪು ನೀರು, ಎಲ್ಲೋ ಒಂದೆರಡು ಸಣ್ಣ ಹರಳು.

"ಬಂದೈತಿ, ಕೈಕಾಲು ಮುರಕೊಂಡು ಬಂದೈತಿ" ಅಂದ್ರು. "ಜಗ್ಗಬ್ಯಾಡೋ ಕರೂರು. ಕರಿ. ತಾನ ಬರತೈತಿ."

ಅವ್ರದೊಂದು ಕಾನೂನು ಇತ್ತು. ಗಡ್ಡಿ ಕಟ್ಟದ ಮಾಲು ಆ ಕ್ವಾಲ್ಯಾಗ ಒಂದು ತಾಸೂ ಇರಬಾರದು. ಆ ಕ್ಷಣ ಚೆಲ್ಲಬೇಕು, ಬ್ಲೀಚಿಂಗ್ ಹಾಕಿ ತೊಳಿಬೇಕು. ಕೆಟ್ಟದ್ದು ಒಳ್ಳೇದರ ಬಾಟ್ಲ್ಯಾಗ ಸೇರಿದ್ರ ಯಾರದೋ ರಕ್ತದ ಫಲಿತಾಂಶ ತಪ್ಪತೈತಿ ಅಂತ. ಈ ವಿಷಯದಾಗ ಅವ್ರು ಒಂದಿನ ಚಾ ಕುಡಿಯೋದು ಬಿಟ್ಟು ಎದ್ದು ಬಂದು ನನ್ನ ಕೈಯಿಂದ ಚೆಲ್ಲಿಸಿದ್ರು.

ಒಂದು ರಕ್ತದ ಬ್ಯಾಂಕಿನ ಡಾಕ್ಟ್ರು ನಮ್ಮ ಮಾಲು ನೋಡಾಕ ಒಪ್ಪಿದ್ರು. ಆಂಧ್ರದ ಕಡೆಯವ್ರು, ಮಾತಿಗೊಮ್ಮೆ "ಚೂದ್ದಾಂ, ಚೂದ್ದಾಂ" ಅಂತಿದ್ರು, ಅಂದ್ರ ನೋಡೋಣ ಅಂತ. ಬಾಗಲದಾಗ ನಿಂತೇ ಹೇಳಿದ್ರು:

"ಮೂರು ಬ್ಯಾಚ್ ತನ್ರಿ ಆಪಾ. ಮೂರೂ ಒಂದೇ ಥರ ಬಂದ್ರ ನಮ್ಮ ಬಾಟ್ಲಿ ಜೋಡಿ ನಿಮ್ಮದೂ ಇಡ್ತೀನಿ. ಒಂದು ಕೆಟ್ರೂ ಮತ್ತ ನನ್ನ ಕೇಳಬ್ಯಾಡ್ರಿ. ಇದು ರಕ್ತದ ವಿಷಯ."

"ನಾನೂ ಹಂಗ ಹೇಳ್ತಿದ್ದೆ ಡಾಕ್ಟ್ರೇ" ಅಂದ್ರು ಆಪಾ.

ಎರಡು ಬ್ಯಾಚ್ ಚೊಲೊ ಬಂದ್ವು. ಮೂರನೇದಕ್ಕ ಬರೋ ಗುರುವಾರ ಅಂತ ಗೊತ್ತು ಮಾಡಿದ್ರು. ಅಷ್ಟರಾಗ ಮನಿ ಮಾಲಕ ಬಂದು ತಿಂಗಳ ಕೊನಿಗೆ ಕ್ವಾಲಿ ಖಾಲಿ ಮಾಡ್ರಿ ಅಂದ. ಗಣಿ ಕಂಪನಿಯವ್ರು ಇಡೀ ಮನಿ ಗೆಸ್ಟ್ ಹೌಸಿಗೆ ಕೇಳ್ಯಾರಂತ. ಆಪಾ ಜಗಳ ತಗೀಲಿಲ್ಲ. "ಮೂರನೇದು ಆಗಲಿ. ಒಮ್ಮೆ ನಮ್ಮ ಬಾಟ್ಲಿ ಬ್ಯಾಂಕಿನ ಒಳಗ ಹೋದ್ರ ಜಾಗ ಎಲ್ಲೆರ ಹುಡಿಕೋಣು" ಅಂದ್ರು. ಅಂದ್ರ ಮೂರನೇದು ಆಗಲಿಲ್ಲ ಅಂದ್ರ ಲ್ಯಾಬೂ ಇಲ್ಲ ಅಂತ ನಂಗ ತಿಳೀತು.

ಅದೇ ವಾರ ಭಾನುವಾರ ಆಪಾ ಅವ್ರಿಗೆ ಎದಿನೋವು ಬಂತು. ದವಾಖಾನಿಗೆ ಹಾಕಿದ್ರು. ಸೋಮವಾರ ಹೋದೆ. ಮಂಚದ ಮ್ಯಾಲೆ ಅವ್ರು ಸಣ್ಣ ಆಗಿ ಕಂಡ್ರು.

"ನೀನ ಮಾಡು" ಅಂದ್ರು.

"ನಾನ್ ಒಬ್ಬನೇನ್ರಿ?"

"ಇನ್ನ್ಯಾರು ಬರ್ತಾರ? ಸಕ್ಕರಿಲೇ ಬಿಡಸು. ಆಸಿಡ್ ಮುಟ್ಟಬ್ಯಾಡ. ಆಮ್ಯಾಲೆ ಚೀಲಕ್ಕ ತುಂಬಿ ಉಪ್ಪುನೀರಾಗ ಬಿಡು, ನೀರು ಬದಲಿ ಮಾಡಕೋತ ಇರು. ತಗೋ, ಬೆರಳು ಚುಚ್ಚು."

ಪರೀಕ್ಷೆಗೆ ರಕ್ತ ಬೇಕಲ್ಲ. ನಾನು ಸೂಜಿ ತಗದು ಅವ್ರ ಉಂಗುರ ಬೆರಳು ಚುಚ್ಚಿ ಉಪ್ಪುನೀರಿನ ಬಾಟ್ಲ್ಯಾಗ ಹನಿ ಹಿಡಿಯಾಕತ್ತಿದ್ದೆ. ನರ್ಸ್ ನೋಡಿಬಿಟ್ಲು.

"ಏನ್ರಿ ಇದು! ಪೇಷಂಟಿನ ರಕ್ತ ಕದಿಯಾಕ ಬಂದೀರೇನು?"

"ನೀವು ನಿನ್ನೆಯಿಂದ ಬಾಟ್ಲಿಗಟ್ಟಲೆ ತಗೊಂಡ್ರಲ್ಲ ತಾಯಿ" ಅಂದ್ರು ಆಪಾ, "ನನ್ನ ಮನಷ್ಯಾಗ ನಾಕು ಹನಿ ಬ್ಯಾಡೇನು?"

ಆ ನರ್ಸಿಗೂ ನಗು ಬಂತು. ಆದ್ರೂ ನನ್ನನ್ನ ಹೊರಗ ಹಾಕಿದ್ಲು.

ಮಂಗಳವಾರ ಕಾಲಂ ನಡಿಸಿದೆ. ತಿಳಿ ಹಾಕಿದೆ, ತೊಳದೆ. ಎಲ್ಲಾ ಆಪಾ ಮಾಡಿದಂಗ. ಸಕ್ಕರಿ ಹಾಕೋ ಹೊತ್ತಿಗೆ ಕೈ ನಿಂತಿತು. ಆ ಸಕ್ಕರಿ ಬೊಂಬಾಯಿಂದ ತರಸಿದ್ದು, ಸಣ್ಣ ಬಾಟ್ಲಿ. ಆಪಾ ಪ್ರತಿ ಸಲ ಚಿಟಿಕಿ ಚಿಟಿಕಿ ತೂಗಿ ಹಾಕ್ತಿದ್ರು. ನಾನು ನೆನಸಿದೆ, ಇದು ಕಡೀ ಬ್ಯಾಚು, ಒಂದು ಹನಿನೂ ಮಣಿ ಮ್ಯಾಲೆ ಉಳಿಬಾರದು, ಎಲ್ಲಾ ಬರಬೇಕು. ಬಾಟ್ಲ್ಯಾಗ ಇದ್ದ ಸಕ್ಕರಿ ಅಷ್ಟೂ ಕಲಿಸಿ ಬಿಟ್ಟೆ. ಪ್ರೋಟೀನು ಒಮ್ಮೆಲೆ ಬಂತು. ನಂಗ ಖುಷಿ ಆತು.

ಆಮ್ಯಾಲೆ ಚೀಲ. ಕರುಳಿನ ಹಂಗ ತೆಳ್ಳಗ ಇರ್ತೈತಿ, ಎರಡೂ ಕಡೆ ಗಂಟು. ಅದನ್ನ ದೊಡ್ಡ ಬೋಗಣ್ಯಾಗ ತಣ್ಣನ ಉಪ್ಪುನೀರಾಗ ಬಿಡೋದು. ಈ ಕೆಲಸ ಯಾವತ್ತೂ ಆಪಾ ಅವ್ರದೇ ಆಗಿತ್ತು. ಅವ್ರು ಮುಂದಿನ ಕ್ವಾಲ್ಯಾಗೇ ಇರ್ತಿದ್ರು, ನಾನು ಆರಕ್ಕ ಮನಿಗೆ ಹೋಗ್ತಿದ್ದೆ. ಎಷ್ಟು ಸಲ ನೀರು ಬದಲಿ ಮಾಡ್ತಿದ್ರೋ ನಾನು ನೋಡಿರಲಿಲ್ಲ. ಯಾಕ ಮಾಡ್ತಿದ್ರು ಅಂತ ಕೇಳಿರಲಿಲ್ಲ. ನಾನು ಅಕ್ಕಿ ನಡುವ ಬೆಳೆದವನು, ಅಕ್ಕಿ ತೊಳದಂಗ ಇರಬೇಕು ಅಂತ ತಿಳಕೊಂಡಿದ್ದೆ. ಎರಡು ನೀರು ಸಾಕು.

ಬುಧವಾರ ಬೆಳಿಗ್ಗಿಯಿಂದ ಕರೆಂಟ್ ಇಲ್ಲ. ಫ್ರಿಜ್ ಬೆಚ್ಚಗ ಆಗಾಕತ್ತಿತು. ನಾನು ಕೌಲ್ ಬಜಾರ್‌ಗೆ ಓಡಿಹೋಗಿ ಐಸ್ ಗಡ್ಡಿ ತಂದೆ. ಬೋಗಣಿ ಐಸಿನ ಡಬ್ಬ್ಯಾಗ ಹಿಡೀಲಿಲ್ಲ. ಚೀಲ ತಗದು ನನ್ನ ಟಿಫಿನ್ ಡಬ್ಬ್ಯಾಗ ಹೊಸ ನೀರು ಹಾಕಿ ಅದರಾಗ ಇಟ್ಟೆ, ಸುತ್ತ ಐಸ್ ತುಂಬಿದೆ. ಸಂಜಿಗೆ ಇನ್ನೊಮ್ಮೆ ನೀರು ಬದಲಿ ಮಾಡಿದೆ.

ಗುರುವಾರ ಎಂಟಕ್ಕ ಹಲಗಿ ಮ್ಯಾಲೆ ಹಾಕಿದೆ. ಆಪಾ ಅವ್ರ ರಕ್ತ ಒಂದು ಹನಿ, ಮೂರನೇ ಬ್ಯಾಚು ಒಂದು ಹನಿ. ಅಲ್ಲಾಡಿಸಿದೆ. ಕೆಂಪು ನೀರು. ಮತ್ತೊಮ್ಮೆ. ಕೆಂಪು ನೀರು. ರಕ್ತ ಕೆಟ್ಟಿರಬೇಕು ಅಂತ ಎರಡನೇ ಬ್ಯಾಚಿಂದು ಉಳಿದ ಒಂದು ಹನಿ ಅದೇ ರಕ್ತಕ್ಕ ಹಾಕಿದೆ. ಥಟ್ಟಂತ ಗಡ್ಡಿ ಕಟ್ಟಿತು. ರಕ್ತ ಸರಿ ಇತ್ತು. ಸತ್ತದ್ದು ನನ್ನ ಮಾಲು.

ನಾನು ಆಪಾ ಅವ್ರ ಕಾನೂನಿನಂಗ ಮಾಡಿದೆ. ಚೀಲ ಬಿಚ್ಚಿ ಚೆಲ್ಲಿದೆ. ಬ್ಲೀಚಿಂಗ್ ಹಾಕಿ ತೊಳದೆ. ಡಬ್ಬಿ ಬೋರಲು ಹಾಕಿದೆ. ಆಮ್ಯಾಲೆ ದವಾಖಾನಿಗೆ ಹೋದೆ.

"ಸತ್ತೋಯ್ತ್ರಿ ಆಪಾ. ಕರೆಂಟ್ ಹೋಗಿ ಕೆಟ್ಟಿತು."

ಅವ್ರು ನನ್ನನ್ನ ನೋಡಿದ್ರು. "ಸಕ್ಕರಿ ಎಷ್ಟು ಹಾಕಿದಿ?"

"ಎಲ್ಲಾ ಹಾಕಿದೆ. ಒಂದು ಕಣಾನೂ ಉಳಿಸಿಲ್ಲ."

"ನೀರು ಎಷ್ಟು ಸಲ ಬದಲಿ ಮಾಡಿದಿ?"

"ಎರಡು ಸಲ. ಟಿಫಿನ್ ಡಬ್ಬ್ಯಾಗ ಇಟ್ಟಿದ್ದೆ, ಐಸಿನ್ಯಾಗ."

ಅವ್ರು ಮ್ಯಾಲೆ ಫ್ಯಾನ್ ನೋಡಿದ್ರು.

"ಚೆಲ್ಲಿದೇನು?"

"ಚೆಲ್ಲಿದೆ. ತೊಳದೆ."

"ಆಯ್ತು ಬಿಡು" ಅಂದ್ರು. "ಉಂಡೀಯೇನು ನೀ?"

ಉಂಡಿರಲಿಲ್ಲ. ಅವ್ರ ತಮ್ಮ ತಂದಿದ್ದ ರೊಟ್ಟಿ ನನಗ ಕೊಡಿಸಿದ್ರು. ನಾನು ತಿನ್ನಾಕತ್ತಿದ್ದೆ, ಅವ್ರು ನನ್ನ ಎದುರಿಗೇ ಡಾಕ್ಟ್ರಿಗೆ ಫೋನ್ ಹಚ್ಚಿದ್ರು. "ನನ್ನ ತಪ್ಪು ಡಾಕ್ಟ್ರೇ, ಮೂರನೇದು ಬರಲಿಲ್ಲ. ನಾನು ಮಾತು ಕೊಟ್ಟಂಗ ಮತ್ತ ಕೇಳಂಗಿಲ್ಲ." ಅತ್ತ ಕಡೆಯಿಂದ ಏನಂದ್ರೋ ಕೇಳಸಲಿಲ್ಲ. ಆಪಾ "ಹೌದು, ಹೌದು" ಅಂದ್ರು ಎರಡು ಸಲ. ಕರೆಂಟಿನ ತಪ್ಪನ್ನ ತಮ್ಮ ಮ್ಯಾಲೆ ಹಾಕ್ಕೊಂಡ್ರು ಅಂತ ನಾನು ತಿಳಕೊಂಡೆ.

ತಿಂಗಳ ಕೊನಿಗೆ ಕ್ವಾಲಿ ಖಾಲಿ ಮಾಡಿದ್ವಿ. ಆಪಾ ಕೌಲ್ ಬಜಾರ್‌ಗೆ ತಮ್ಮನ ಮನಿಗೆ ಹೋದ್ರು. ಮಲಕೊಂಡಲ್ಲಿಂದಲೇ ಯಾರ್ಯಾರಿಗೋ ಫೋನ್ ಮಾಡಿ ನನಗ ಒಂದು ಹೊಸ ಕಾಲೇಜಿನ್ಯಾಗ ಲ್ಯಾಬ್ ಕೆಲಸ ಹಿಡಿಸಿದ್ರು. ಅಟೆಂಡರ್ ಅಲ್ಲ, ಅಸಿಸ್ಟೆಂಟ್. "ಇವನ ಕೈ ಸ್ವಚ್ಛ ಐತಿ, ಕಲಿತಾನ" ಅಂತ ಹೇಳಿದ್ದನ್ನ ಪ್ರಿನ್ಸಿಪಾಲ್ರೇ ನನಗ ಹೇಳಿದ್ರು. ಸೇರಿ ಇನ್ನೂ ತಿಂಗಳು ತುಂಬಿರಲಿಲ್ಲ, ಒಂದಿನ ಮುಂಜಾನೆ ಅವ್ರ ತಮ್ಮನ ಫೋನ್ ಬಂತು. ಆಪಾ ಇಲ್ಲ.

ಕಬರಸ್ತಾನಕ್ಕ ಹೋದೆ. ಎಲ್ಲಾರೂ ಮೂರು ಹಿಡಿ ಮಣ್ಣು ಹಾಕಿದ್ರು, ನಾನೂ ಹಾಕಿದೆ. ಅಳು ಬರಲಿಲ್ಲ. ಮಧ್ಯಾಹ್ನ ಕಾಲೇಜಿಗೆ ಹೋಗಿ ಗಾಜು ತೊಳದೆ. ಭಾಮೈದ ಟಿಪ್ಪರ್ ಮಾತು ತಗದ. ನಾನು ಬ್ಯಾಡ ಅಂದೆ. ಆಪಾ ಹಿಡಿಸಿದ ಕೆಲಸ, ಬಿಡಾಕ ಮನಸ್ಸು ಆಗಲಿಲ್ಲ.

ಕೆಲವು ವರ್ಷ ಹಂಗ ಹೋದ್ವು. ಗಣಿ ಗದ್ದಲ ಇಳೀತು, ಧೂಳೂ ಇಳೀತು. ಕಾಲೇಜಿಗೆ ಒಬ್ರು ಸಣ್ಣ ವಯಸ್ಸಿನ ಲೆಕ್ಚರರ್ ಮೇಡಂ ಬಂದ್ರು. ಹುಡುಗ್ರಿಗೆ ಪ್ರಾಕ್ಟಿಕಲ್‌ಗೆ ಹುರಳಿ ಪ್ರೋಟೀನು ತೆಗಿಯೋಣ ಅಂದ್ರು. ನಾನು ಮಾಡಿದೆ. ಕಾಲಂ, ಸಕ್ಕರಿ, ಚೀಲ. ಮರುದಿನ ಹಲಗಿ ಮ್ಯಾಲೆ ಹಾಕಿದ್ರ ಗಡ್ಡಿ ಕಟ್ಟಲಿಲ್ಲ. ನಾನು ಚೀಲ ಎತ್ತಿಕೊಂಡು ಮೋರಿ ಕಡೆ ಹೊಂಟೆ.

"ಎಲ್ಲಿಗ್ರಿ ಸರ್?"

"ಸತ್ತೈತಿ ಮೇಡಂ. ಚೆಲ್ಲತೀನಿ."

"ಸತ್ತಿಲ್ಲ, ಇಡ್ರಿ. ಅದರ ಕೈ ತುಂಬ ಇನ್ನೂ ಸಕ್ಕರಿ ಐತಿ, ರಕ್ತ ಹೆಂಗ ಹಿಡಿಬೇಕು? ಸಕ್ಕರಿ ಸಣ್ಣದು, ಚೀಲದಿಂದ ಹೊರಗ ಹೋಗತೈತಿ, ಪ್ರೋಟೀನು ದೊಡ್ಡದು, ಒಳಗ ಉಳಿತೈತಿ. ದೊಡ್ಡ ಪಾತ್ರ್ಯಾಗ ಇಟ್ಟು ಇನ್ನ ನಾಕು ಸಲ ನೀರು ಬದಲಿ ಮಾಡ್ರಿ."

ಅವ್ರು ಹೇಳಿ ಕ್ಲಾಸಿಗೆ ಹೋದ್ರು. ಅವ್ರಿಗೆ ಅದು ಸಣ್ಣ ಮಾತು.

ನಾಕು ಸಲ ಬದಲಿ ಮಾಡಿದೆ. ಎರಡು ದಿನ ಬಿಟ್ಟು ಹಲಗಿ ಮ್ಯಾಲೆ ಹಾಕಿದೆ. ಗಡ್ಡಿ ಕಟ್ಟಿತು. ಹುಡುಗ್ರು ಸುತ್ತ ನಿಂತು ನೋಡಿದ್ರು. ನಾನು ಹಲಗಿ ಹಿಡಕೊಂಡೇ ನಿಂತೆ.

ಅವತ್ತು ಸಂಜಿ ಕೌಲ್ ಬಜಾರ್‌ಗೆ ಹೋದೆ. ಆಪಾ ಅವ್ರ ತಮ್ಮ ಹೊಲಿಗಿ ಮಶೀನ್ ಮುಂದ ಕುಂತಿದ್ರು. ಕುಂದರ್ರಿ ಅಂದ್ರು, ಚಾ ತರಿಸಿದ್ರು. ನಾನು ಎಲ್ಲಾ ಹೇಳಿದೆ. ಮೂರನೇ ಬ್ಯಾಚು ಸತ್ತಿರಲಿಲ್ಲ, ಜೀವ ಇದ್ದದ್ದನ್ನ ನಾನೇ ಚೆಲ್ಲಿದೆ ಅಂತ.

ಅವ್ರು ಹೊಲಿಗಿ ನಿಲ್ಲಿಸಲಿಲ್ಲ. "ಅದು ಆಪಾಗ ಗೊತ್ತಿತ್ತಲ್ಲ" ಅಂದ್ರು.

"ಯಾವಾಗ?"

"ನೀವು ರೊಟ್ಟಿ ತಿಂದು ಹೋದ್ರಲ್ಲ, ಅವತ್ತೇ ಹೇಳಿದ್ಲು. ಇನ್ನ ಎರಡು ದಿನ ನೀರಾಗ ಇಟ್ಟಿದ್ರ ಎದ್ದು ಕುಂದರತಿತ್ತು, ಚೆಲ್ಲಿಬಿಟ್ಟಾನ ಅಂತ. ಅವನಿಗೆ ಹೇಳಲಿಲ್ಲೇನು ಅಂತ ನಾನು ಕೇಳಿದೆ."

"ಏನಂದ್ರು?"

"ಈಗ ಹೇಳಿದ್ರ ನಾಳೆನೇ ಟಿಪ್ಪರ್ ಹತ್ತತಾನ, ಮತ್ತ ಗಾಜು ಮುಟ್ಟಂಗಿಲ್ಲ ಅಂದ್ಲು. ಮುಂದಿನ ಬ್ಯಾಚಿನ್ಯಾಗ ಎದುರಿಗೆ ಕುಂದ್ರಿಸಿಕೊಂಡು ಮಾಡಿ ತೋರಸ್ತೀನಿ, ತಾನ ತಿಳಕೊಂತಾನ ಅಂದ್ಲು."

ಮಶೀನ್ ಓಡತಾನೇ ಇತ್ತು. ಚಾ ಕುಡದೆ. ಬರ್ತೀನ್ರಿ ಅಂದೆ. ಮನಿಗೆ ಬಂದು ಉಂಡು ಮಲಕೊಂಡೆ. ಆವಾಗೂ ಅಳು ಬರಲಿಲ್ಲ. ಇದುವರೆಗೂ ಬಂದಿಲ್ಲ.

ನಾನು ಇವತ್ತು ಲ್ಯಾಬಿನ್ಯಾಗ ಮಾಡೋದೆಲ್ಲಾ ಆಪಾ ಮಾಡಿದಂಗೇ ಮಾಡ್ತೀನಿ. ಒಂದರಾಗ ಮಾತ್ರ ಅವ್ರ ದಾರಿ ಹಿಡಿದಿಲ್ಲ. ಯಾರ ಕೈಯಾಗ ತಪ್ಪು ಆದ್ರೂ ಆ ಕ್ಷಣಕ್ಕ ಹೇಳ್ತೀನಿ. ಮುಂದಿನ ಬ್ಯಾಚಿಗೆ ಅಂತ ಇಡಂಗಿಲ್ಲ. ಹೋದ ವಾರ ಒಬ್ಬಾಕಿ ಅವಸರ ಮಾಡಿ ಕಾಲಂಗೆ ಆಸಿಡ್ ಬಿಟ್ಟು ಇಡೀ ಕ್ಲಾಸಿನ ಮಾಲು ಕೆಡಿಸಿದ್ಲು. ಅಲ್ಲೇ ನಿಂತು ಹೇಳಿದೆ, ಕೆಡಿಸಿದಾಕಿ ನೀನ ಅವ್ವಾ, ಹಿಂಗ ಕೆಡಿಸಿದಿ, ಇದಕ್ಕ ಕೆಟ್ಟಿತು. ಆಕಿ ಅತ್ತಳು, ಬ್ಯಾಗ್ ತಗೊಂಡು ಹೊಂಟುಹೋದ್ಲು. ಇನ್ನ ಬರಂಗಿಲ್ಲ ಅಂತ ಉಳಿದವ್ರು ಅಂದ್ರು. ನಾನು ಮತ್ತ ಹುರಳಿ ಬೀಸಿ ನೆನಿಯಾಕ ಇಟ್ಟೆ.

ಮರುದಿನ ಒಂಬತ್ತಕ್ಕ ನಾನು ಬಾಗಲಾ ತಗಿಯೋ ಮೊದಲೇ ಆಕಿ ಬಂದು ನಿಂತಿದ್ಲು.

ಅವತ್ತೇ ಹೇಳಿದ್ರೂ ನಾನೂ ಬರ್ತಿದ್ದೆ ಆಪಾ.